ಎರಡು ಹಳದಿ ಮಂಡಿ

ರಬ್ಬರಿಗೆ ಸವರಿದ ಅಂಟು, ಸಲ್ಯೂಷನ್, ಇನ್ನೂ ಬೆರಳಿಗೆ ಹತ್ತುತ್ತಿದೆ, ಹತ್ತದಷ್ಟು ಒಣಗಿದ ಮೇಲೆ ಅಂಚಿಗೆ ಅಂಚು ಒತ್ತಿದರೆ ಮಾತ್ರ ರಬ್ಬರು ರಬ್ಬರನ್ನು ಬಿಡುವುದಿಲ್ಲ — ತಲೆ ಸುತ್ತಿಸುವ ವಾಸನೆ, ಏನೇ ಅದು, ಟಯರ್ ಸುಡ್ತಿದ್ದೀಯಾ, ಹೊರಕೋಣೆಯಿಂದ ಗಂಡನ ಗಂಟಲು, ನೀರಿಗಿಳಿಯೋ ಸೂಟು ಕಣ್ರೀ, ಇನ್ನೇನು ಮುಗೀತು, ಎಂದಳು, ಅಡುಗೆಮನೆಯ ಮೇಜಿನ ಮೇಲೆ ಕೈಕಾಲು ಚಾಚಿ ಬಿದ್ದ ಕಪ್ಪು ರಬ್ಬರಿಗೆ ಉಫ್ ಎಂದು ಊದುತ್ತಾ, ಅವನ ಸೂಟು ಅಂದುಕೊಂಡಿದ್ದಾನೆ, ಅವನ ತಲೆ, ಅಳತೆ ಕೊಡಿ ಎಂದು ಟೇಪು ಹಿಡಿದು ಹೋದರೆ ಇಷ್ಟು ವರ್ಷ ನೋಡಿದ್ದೀಯ, ಕಣ್ಣಳತೆ ಸಾಲ್ದಾ ಎಂದು ಮಗ್ಗುಲು ಬದಲಿಸಿದ, ಸರಿ ಬಿಡಿ ಎಂದವಳು ಅದೇ ಟೇಪನ್ನು ತನ್ನ ಎದೆಗೆ, ತನ್ನ ಸೊಂಟಕ್ಕೆ, ತನ್ನ ತೊಡೆಗೆ ಸುತ್ತಿಕೊಂಡಳು, ಬಟ್ಟೆಯಾದರೆ ಒಂದಿಷ್ಟು ಸಡಿಲ ಬಿಡಬಹುದು, ಇದನ್ನು ಮೈಗಿಂತ ಕೊಂಚ ಕಮ್ಮಿಯೇ ಕತ್ತರಿಸಬೇಕು, ಸಡಿಲ ಬಿಟ್ಟಲ್ಲೆಲ್ಲ ತಣ್ಣೀರು ಬಂದು ಕೂರುತ್ತದೆ, ಅವನ ಒಂದು ತೊಡೆ ತೂರಲಿ ನೋಡೋಣ — ಮೊಳೆಗೆ ನೇತುಹಾಕಿದ ಅವನ ಹಳೆಯ ಸೂಟಿನಲ್ಲಿ ಎರಡು ಹಳದಿ ಮಂಡಿ.

ಆ ಹಳದಿ ಇವಳದು, ಇವಳ ಸೂಟಿನ ಬೆನ್ನು. ಬಂದರಿನಲ್ಲಿ ಇಬ್ಬರೂ ಮುಳುಗಿ ದೋಣಿಗಳ ತಳದ ಪಾಚಿ ಕೆರೆಯುತ್ತಿದ್ದ ಕಾಲ, ಅಕ್ಕ ಕೆರೆದ್ರೆ ತಳ ಕನ್ನಡಿ ಕಣಣ್ಣ, ನೀನು ಕೆರೆದ್ರೆ ಅರ್ಧ ಬೋಳಿಸಿದ ಗಡ್ಡ, ಎಂದು ದೋಣಿಯವನು ನಕ್ಕ, ಗಂಡನೂ ನಕ್ಕ, ಮಾರನೆಯ ದಿನ ಇವಳು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಇವಳ ಸೂಟಿಗೆ ಕತ್ತರಿ, ಮನೆಗೊಬ್ಬರು ನೀರಿಗಿಳಿದ್ರೆ ಸಾಕು ಕಣೇ, ನನ್ನ ಸೂಟಿನ ಮಂಡಿ ಹರಿದಿತ್ತು, ಎಂದ — ತೇಪೆಯಾದರೂ ನೆಟ್ಟಗೆ ಹಾಕಿದನೇ, ಗೋಣಿಚೀಲ ಹೊಲಿದ ಹಾಗೆ ಈ ಕಡೆಯಿಂದ ಆ ಕಡೆಗೆ ಚುಚ್ಚಿದ, ಸೂಜಿ ರಬ್ಬರಿನ ಅರ್ಧ ದಪ್ಪಕ್ಕೆ ಇಳಿದು ಅಲ್ಲೇ ತಿರುಗಿ ಬರಬೇಕು, ಆಚೆ ಮೂತಿ ಹಾಕಿದರೆ ತೂತಿಗೊಂದು ತಣ್ಣೀರಿನ ಎಳೆ, ಹಲ್ಲು ಕಟಕಟ ಅನ್ನಿಸುತ್ತ ಬಂದವನು ನಿನ್ನ ರಬ್ಬರೇ ದರಿದ್ರ ಎಂದ, ಹೊಸದು ಹೊಲಿ ಎಂದ, ಹೊಲಿಯುತ್ತಿದ್ದೇನಲ್ಲ ಮಹಾರಾಯ, ಹೊಲಿಯುತ್ತಿದ್ದೇನೆ.

ಹೊಸ ಸೂಟಿನ ಬೆನ್ನಿಗೆ ರಬ್ಬರು ಸಾಲಲಿಲ್ಲ. ಹೊರಗೆ ಗೊರಕೆ, ಇವಳ ಕೈ ಮೊಳೆಯತ್ತ, ಬ್ಲೇಡಿನ ತುದಿ ಅವನ ದಪ್ಪ ದಾರದಡಿ, ಪಟ್ ಪಟ್, ಗೊರಕೆ ನಿಂತರೆ ಕೈಯೂ ನಿಲ್ಲುತ್ತದೆ, ಮತ್ತೆ ಪಟ್, ಎರಡೂ ಹಳದಿ ತೇಪೆ ಕೈಗೆ, ಅವನು ಮಾಡಿದ ತೂತುಗಳಿಗೆ ಸಲ್ಯೂಷನ್ ತುಂಬಿ, ಅಂಚಿಗೆ ಸವರಿ, ಊದಿ, ಒತ್ತಿ, ಅರ್ಧಕ್ಕೇ ತಿರುಗುವ ಸೂಜಿ, ನಾಳೆ ಬರ್ತೀನಿ ಎಂದಿದ್ದಾಳೆ ದೋಣಿಯವನಿಗೆ, ಬಾ ಅಕ್ಕಾ, ತಳ ನೋಡೋ ಹಾಗಿಲ್ಲ ಎಂದಿದ್ದಾನೆ, ಕಾಲು ತೂರಿಸಿದಳು, ಸೊಂಟ, ಭುಜ, ಉಸಿರು ಬಿಗಿ ಹಿಡಿದು ಜಿಪ್ಪು, ಮೈಗೆ ಮೈಯೇ ಹತ್ತಿದ ಹಾಗೆ, ಆಯ್ತೇನೇ, ಹಾಕ್ಕೊಂಡು ನೋಡ್ತೀನಿ, ಎದ್ದನೋ, ಚಪ್ಪಲಿಯ ಸದ್ದು, ಬಾಗಿಲು — ಇವಳು ತಿರುಗಲಿಲ್ಲ, ನೋಡಲಿ, ಕಣ್ಣಳತೆಯವನು, ಕಣ್ತುಂಬ ನೋಡಲಿ, ಇವಳ ಬೆನ್ನ ಮೇಲೆ ಎರಡು ಹಳದಿ ಮಂಡಿ.