ಕಪ್ಪು ಕಿಟಕಿಯ ವಂಶಾವಳಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಲಿಫ್ಟ್ ರಿಪೇರಿ ಕಂಪನಿಯೊಂದರ ದೂರು ವಿಭಾಗದ ನಾಲ್ಕನೆಯ ಮೇಜಿನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆದುಕೊಂಡು, ರೆಪ್ಪೆ ಬಡಿಯುವಷ್ಟು ಹೊತ್ತು ನಿಂತು, ಮುಚ್ಚಿಕೊಂಡಿತು. ಸಾಮ್ರಾಜ್ಯಗಳು ಉರುಳಿದ ದಿನಗಳನ್ನು ಬರೆದಿಡುವವರು ಈ ದಿನವನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಮ್ಯಾನೇಜರಂತೂ ಹಾಕಿಕೊಂಡರು, ಕೆಂಪು ಶಾಯಿಯಲ್ಲಿ.

ಆ ಮೇಜು ಟೈಪಕ್ಕನದು. ಆರು ವರ್ಷದಿಂದ ಹಂಗಾಮಿ ಕೆಲಸ; ಬರುವ ಒಂದನೇ ತಾರೀಖಿಗೆ ಕಾಯಂ ಆಗಬೇಕು, ಇಲ್ಲವಾದರೆ ಅದೇ ದಿನ ಮನೆಗೆ. ಮನೆಯಲ್ಲಿ ಗಂಡನ ಕಾಲು ಪ್ಲಾಸ್ಟರಿನಲ್ಲಿತ್ತು. ಸದ್ಯಕ್ಕೆ ದುಡಿಯುವ ಕೈ ಅವಳದೊಂದೇ.

ಹಿಂದಿನ ದಿನವಷ್ಟೇ ಎಲ್ಲ ಕಂಪ್ಯೂಟರುಗಳಿಗೂ, ಇಂಥ ಕಿಟಕಿ ಕಂಡರೆ ಕಳ್ಳ ಬಂದನೆಂದು ಕೂಗುವ ಕಾವಲು ಸಾಫ್ಟ್‌ವೇರ್ ಹಾಕಿಸಿದ್ದರು. ಗುರುವಾರದ ಹೊತ್ತಿಗೆ ಅದು ಅರವತ್ತನಾಲ್ಕು ಸಲ ಕೂಗಿತ್ತು. ಅರವತ್ತನಾಲ್ಕೂ ಟೈಪಕ್ಕನ ಮೇಜಿನಿಂದ. ಉಳಿದ ಮೂರು ಮೇಜುಗಳಿಂದ ಉಸಿರಿಲ್ಲ.

"ಏನ್ ಟೈಪಕ್ಕ, ಇಷ್ಟು ಮೆತ್ತಗಿರೋಳು ಒಳಗೊಳಗೇ ಇಷ್ಟೆಲ್ಲ ನಡೆಸ್ತಿದ್ಯಾ?" ಎಂದ ಪಕ್ಕದ ಮೇಜಿನವನು. ಅವನು ಮ್ಯಾನೇಜರ ಭಾವಮೈದುನ.

"ನಾನು ಕಾಗದ ಬರೆದೆ ಕಣಣ್ಣ, ಪ್ರಿಂಟ್ ತೆಗೆದೆ. ಅದು ಬಿಟ್ಟು ಒಂದು ಸೀನು ಕೂಡ ಸೀನಿಲ್ಲ."

ಶುಕ್ರವಾರ ಇಪ್ಪತ್ತನೇ ತಾರೀಖು, ಮುಖ್ಯ ಕಚೇರಿಯಿಂದ ಪತ್ತೇದಾರ ಬಂದ. ಬೆನ್ನುನೋವಿನ ಮನುಷ್ಯ, ಕುರ್ಚಿ ಕೊಟ್ಟರೂ ಕೂರದೆ, ನಿಂತೇ ವಿವರಿಸಿದ.

"ಈಗಿನ ಕಳ್ಳರು ಬರಿಗೈಲಿ ಬರ್ತಾರೆ ಸಾರ್. ಮನೇದೇ ಏಣಿ ಹತ್ತಿ, ಮನೇದೇ ಸುತ್ತಿಗೇಲಿ ಬೀಗ ಒಡೀತಾರೆ. ಕಂಪ್ಯೂಟರ್ ಜೊತೆಗೇ ಬಂದಿರೋ ಸಲಕರಣೆಗಳೇ ಅವರಿಗೆ ಸಾಕು. ವೈರಸ್ ಹುಡುಕಿದ್ರೆ ಏನೂ ಸಿಗಲ್ಲ."

"ಹಾಗಾದ್ರೆ ಏಣೀನೇ ಬಿಸಾಕಿ," ಎಂದರು ಮ್ಯಾನೇಜರು.

"ಅದು ಮನೆಯವರಿಗೂ ಬೇಕಲ್ಲ ಸಾರ್. ಏಣಿ ತರಿಸಿದ್ದು ಯಾರು ಅಂತ ನೋಡ್ಬೇಕು. ಒಂದೊಂದು ಪ್ರೋಗ್ರಾಮಿಗೂ ಅದನ್ನ ಹುಟ್ಟಿಸಿದ ಅಪ್ಪ ಒಬ್ಬ ಇರ್ತಾನೆ. ಈ ಕಪ್ಪು ಕಿಟಕಿಯ ಅಪ್ಪ ಯಾರು ಗೊತ್ತಾ? ಕಾಗದ ಟೈಪ್ ಮಾಡೋ ಪ್ರೋಗ್ರಾಮು."

ಮ್ಯಾನೇಜರು ತಲೆ ತಗ್ಗಿಸಿದರು. ಅದನ್ನು ಅವರು ಮರ್ಯಾದಸ್ಥ ಪ್ರೋಗ್ರಾಮೆಂದು ನಂಬಿದ್ದರು.

ಈ ವಿಭಾಗದಲ್ಲಿ ಯಾರೂ ಕಾಗದವನ್ನು ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಕಾಗದವನ್ನು ತೆರೆದು, ಹೆಸರು, ವಿಳಾಸ, ಮಹಡಿಯ ಸಂಖ್ಯೆ ಬದಲಿಸಿ ಕಳಿಸುತ್ತಾರೆ. ಹಾಗಾಗಿ ಪ್ರತಿ ಕಾಗದಕ್ಕೂ ಅಪ್ಪ, ಅಜ್ಜ, ಮುತ್ತಜ್ಜ. ಪತ್ತೇದಾರ ಸಂಜೆಯವರೆಗೆ ತಲೆಮಾರು ಹಿಡಿದು ಮೇಲೇರಿ ಮೂಲಪುರುಷನನ್ನು ಮುಟ್ಟಿದ: ಒಂಬತ್ತು ವರ್ಷದ ಹಿಂದೆ, ಮೂರು ಮತ್ತು ನಾಲ್ಕನೆಯ ಮಹಡಿಗಳ ನಡುವೆ ಸಿಕ್ಕಿಬಿದ್ದ ದಂತವೈದ್ಯರೊಬ್ಬರಿಗೆ ಬರೆದ ಕ್ಷಮಾಪಣೆ. ಅದರ ಹೊಟ್ಟೆಯೊಳಗೆ, ಆಗಿನ ಕಂಪ್ಯೂಟರ್ ಮೆಕ್ಯಾನಿಕ್ ಯಾರೋ ಎರಡು ಸಾಲಿನ ಆಜ್ಞೆ ಅಡಗಿಸಿಟ್ಟಿದ್ದ. ಪ್ರಿಂಟ್ ಒತ್ತಿದಾಗಲೆಲ್ಲ ಅದು ಕಪ್ಪು ಕಿಟಕಿ ತೆರೆದು, ನಿದ್ದೆ ಹೋದ ಪ್ರಿಂಟರನ್ನು ತಟ್ಟಿ ಎಬ್ಬಿಸುತ್ತಿತ್ತು. ಆ ಪ್ರಿಂಟರು ಗುಜರಿಗೆ ಹೋಗಿ ಏಳು ವರ್ಷವಾಗಿತ್ತು.

"ಈಯಮ್ಮಂದು ಏನೂ ತಪ್ಪಿಲ್ಲ ಸಾರ್," ಎಂದ ಪತ್ತೇದಾರ.

"ಅದೇ ಕಾಗದಾನ ನಾಲ್ಕು ಜನಾನೂ ಬಳಸ್ತಾರಲ್ರೀ. ಮಿಕ್ಕ ಮೂರು ಕಂಪ್ಯೂಟರ್ ಹೇಗೆ ಶುದ್ಧವಾಗಿವೆ?"

ಪತ್ತೇದಾರ ಕೈಯಲ್ಲಿದ್ದ ಹಾಳೆ ತಿರುಗಿಸಿ ನೋಡಿದ. "ಅವರು ಒಂದೂ ಕಾಗದ ಬರೆದಿಲ್ಲ ಸಾರ್."

ಭಾವಮೈದುನ ತನ್ನ ಮೇಜಿನ ಗಡಿಯಾರಕ್ಕೆ ಕೀಲಿ ಕೊಡತೊಡಗಿದ. ಅದು ಬ್ಯಾಟರಿಯ ಗಡಿಯಾರ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡು, ಕಾಯಂ ಅರ್ಜಿಯ ಹೊಸ ನಿಯಮ ಓದಿದರು: ಅರ್ಜಿದಾರರ ಕಂಪ್ಯೂಟರು ಒಂದನೇ ತಾರೀಖಿಗೆ ಮುಂಚಿನ ಹತ್ತು ದಿನ ಒಮ್ಮೆಯೂ ಕೂಗಿರಬಾರದು.

"ಆ ಎರಡು ಸಾಲು ಅಳಿಸಿಬಿಡ್ತೀನಿ, ಒಂದು ನಿಮಿಷದ ಕೆಲಸ," ಎಂದ ಪತ್ತೇದಾರ.

"ಕೈ ಹಚ್ಬೇಡಿ. ಆ ಕಾಗದ ನಮ್ಮ ವಕೀಲರು ಒಪ್ಪಿರೋದು. ಕಾಣೋ ಅಕ್ಷರವಾಗಲಿ ಕಾಣದ ಅಕ್ಷರವಾಗಲಿ, ಬದಲಾಯಿಸ್ಬೇಕಂದ್ರೆ ಸಮಿತಿ ಕೂರ್ಬೇಕು. ಸಮಿತಿ ವರ್ಷಕ್ಕೊಂದ್ಸಲ ಕೂರುತ್ತೆ. ಹೋದ ವಾರ ಕೂತು ಎದ್ದಾಯ್ತು. ನೀವೇ ಆ ಕಾವಲಿಗೆ ಈ ಒಂದು ಕಾಗದಕ್ಕೆ ಕೂಗ್ಬೇಡ ಅಂತ ಹೇಳಿ."

"ಅದೊಂದು ಬಾಗಿಲು ತೆರೆದಿಟ್ರೆ ನಿಜವಾದ ಕಳ್ಳ ಅದರಲ್ಲೇ ಬರ್ತಾನೆ ಸಾರ್. ಅದಕ್ಕೆ ನಾನು ಸಹಿ ಹಾಕಲ್ಲ."

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಆದ್ದರಿಂದ ದಾರಿ ಕಾಣಲಿಲ್ಲ. ಟೈಪಕ್ಕ ಮೇಜಿನ ಮೇಲಿದ್ದ ದೂರುಗಳ ಕಟ್ಟು ನೋಡಿದಳು. ಮೇಲಿನದು ಒಂಬತ್ತನೆಯ ಮಹಡಿಯ ಅಜ್ಜಿಯೊಬ್ಬರದು. ಇದು ಅವರ ಮೂರನೆಯ ಪತ್ರ.

"ಸಾರ್, ಮಿಕ್ಕವರ ಕಂಪ್ಯೂಟರ್ ಯಾಕೆ ಕೂಗಿಲ್ಲ ಅಂದ್ರಿ?"

"ಕೆಲಸ ಮಾಡದೆ ಇದ್ದಿದ್ದಕ್ಕೆ," ಎಂದ ಪತ್ತೇದಾರ, ಅವಳ ಮುಖ ನೋಡದೆ.

"ಹಾಗೆ ಇರೋದು ಕಷ್ಟವಾ?"

"ಮೊದಲೆರಡು ದಿನ ಕೈ ಕಡಿಯುತ್ತೆ," ಎಂದ ಭಾವಮೈದುನ, ಅನುಭವಸ್ಥನ ದನಿಯಲ್ಲಿ. "ಆಮೇಲೆ ಅಭ್ಯಾಸ ಆಗುತ್ತೆ."

ಟೈಪಕ್ಕ ದೂರುಗಳ ಕಟ್ಟಿಗೆ ದಾರ ಸುತ್ತಿ, ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು.

ಮುಂದಿನ ಹತ್ತು ದಿನ ನಾಲ್ಕನೆಯ ಮೇಜಿನ ಕಂಪ್ಯೂಟರು ಒಮ್ಮೆಯೂ ಕೂಗಲಿಲ್ಲ. ಪತ್ತೇದಾರನ ವರದಿಯ ಪ್ರಕಾರ ಇಡೀ ವಿಭಾಗ ಸುರಕ್ಷಿತ. ಒಂದನೇ ತಾರೀಖಿಗೆ ಟೈಪಕ್ಕ ಕಾಯಂ ಆದಳು. ದೂರುಗಳಿಗೆ ಈಗ ಯಾರೂ ಉತ್ತರ ಬರೆಯುವುದಿಲ್ಲ.