ಶಿಫ್ಟ್ ಮಾಡಿದ್ರು

ಬ್ಯಾಗು ಆ ಕಡೆ ಶಿಫ್ಟ್ ಮಾಡ್ರಮ್ಮ, ಕಂಡಕ್ಟರ್ ಅಂದ, ಪುಷ್ಪಮ್ಮ ಸರಿಸಿದಳು, ಇವನ ಬಾಯಲ್ಲೂ ಅದೇ ಪದವೇ — ಈಗಷ್ಟೇ ಫೋನಿನಲ್ಲಿ ಮೈದುನ ಗುರು ಅಂದದ್ದೂ ಅದೇ, ಅತ್ತಿಗೆ, ಅಣ್ಣನ್ನ ಶಿಫ್ಟ್ ಮಾಡಿದ್ರು, ಅಷ್ಟೇ, ಆಮೇಲೆ ಕಟ್, ತಿರುಗಿ ಮಾಡಿದರೆ ಸ್ವಿಚ್ ಆಫ್. ಎಲ್ಲಿಗೆ? ಐಸಿಯುನಿಂದ ವಾರ್ಡಿಗೇ ಇರಬೇಕು, ಹುಷಾರಾದವರನ್ನು ತಾನೇ ವಾರ್ಡಿಗೆ ಶಿಫ್ಟ್ ಮಾಡುವುದು, ಬೆಳಿಗ್ಗೆ ಬಚ್ಚಲಲ್ಲಿ ಕುಸಿದ ಗಂಡನನ್ನು ಭದ್ರಾವತಿಯ ಡಾಕ್ಟರು ನೋಡಿದ್ದೇ ತಡ, ಶಿವಮೊಗ್ಗಕ್ಕೆ ಶಿಫ್ಟ್ ಮಾಡ್ಬಿಡಿ ಅಂದಿದ್ದರು, ಆಂಬುಲೆನ್ಸಿನಲ್ಲಿ ಒಬ್ಬರಿಗಷ್ಟೇ ಜಾಗ, ಗುರು ಹತ್ತಿದ, ನೀವು ಬಟ್ಟೆ ತಗೊಂಡು ಬಸ್ಸಿಗೆ ಬನ್ನಿ ಅತ್ತಿಗೆ. ಮದುವೆಯಾದ ಹೊಸದರಲ್ಲಿ ಈ ಪದವೇ ಅವಳಿಗೆ ಗೊತ್ತಿರಲಿಲ್ಲ, ಸೆಕೆಂಡ್ ಶಿಫ್ಟ್ ಕಣೇ, ಕಾಯ್ಬೇಡ, ಊಟ ಮಾಡು, ಅನ್ನುತ್ತಿದ್ದ ರುದ್ರೇಶ, ಶಿಫ್ಟ್ ಅಂದರೆ ಇವನು ಮನೆಯಲ್ಲಿಲ್ಲದ ಹೊತ್ತು ಅಂದುಕೊಂಡಿದ್ದಳು, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕ್ವಾರ್ಟರ್ಸಿನಿಂದ ಮನೆ ಶಿಫ್ಟ್, ಕೊನೇ ಆಟೋದಲ್ಲಿ ಹಿತ್ತಲ ಕರಿಬೇವಿನ ಗಿಡ ಬೇರುಸಮೇತ ಕಿತ್ತು ತಂದಿದ್ದ, ಇದನ್ನೂ ಶಿಫ್ಟ್ ಮಾಡಿದೀನಿ ನೋಡೇ ಮಾರಾಯ್ತಿ — ಮಾಚೇನಹಳ್ಳಿ ದಾಟಿತಾ, ಈ ಬಸ್ಸು ಯಾಕೆ ಹೀಗೆ ತೆವಳುತ್ತದೆ — ಆ ಗಿಡ ಬದುಕಿತ್ತು, ಹೌದು, ಚಿಗುರಿತ್ತು, ಹಾಗಾದರೆ ಶಿಫ್ಟ್ ಮಾಡಿದ್ದು ಬದುಕುತ್ತದೆ, ಅಲ್ಲವೇ, ಆದರೆ ಗುರುವಿನ ದನಿ ಯಾಕೆ ಹಾಗಿತ್ತು, ವಾರ್ಡಿಗೆ ಅಂತ ಒಂದು ಮಾತು ಸೇರಿಸಲು ಅವನಿಗೇನು ಕಷ್ಟ, ದೇವರೇ, ಆ ಒಂದು ಮಾತು.

ಮೆಟ್ಟಿಲು, ಫಿನಾಯಿಲ್ ವಾಸನೆ, ಐಸಿಯುವಿನ ಗಾಜಿನ ಬಾಗಿಲು, ಸಿಸ್ಟರ್, ರುದ್ರೇಶ್ ಅಂತ, ಭದ್ರಾವತಿಯವ್ರು, ಬೆಳಿಗ್ಗೆ ಬಂದ್ರಲ್ಲ — ಶಿಫ್ಟ್ ಆಯ್ತಲ್ಲಮ್ಮ ಆಗ್ಲೇ, ಬರೆಯುತ್ತಲೇ ಅಂದಳು ನರ್ಸ್, ಯಾವ ವಾರ್ಡಿಗೆ ಸಿಸ್ಟರ್, ಬಟ್ಟೆ ತಂದಿದೀನಿ, ನರ್ಸ್ ಈಗ ತಲೆಯೆತ್ತಿದಳು, ನೀವು ಅವ್ರಿಗೆ ಏನಾಗ್ಬೇಕಮ್ಮ, ಹಿಂದಿನಿಂದ ಯಾರೋ ತೋಳು ಹಿಡಿದರು, ಗುರು, ಅಣ್ಣ ಹೋಗ್ಬಿಟ್ಟ ಅತ್ತಿಗೆ, ಕೆಳಗೆ ಮಾರ್ಚರಿಲಿದಾನೆ, ಫೋನಲ್ಲಿ ಹೇಳೋಕೆ ಬಾಯೇ ಬರ್ಲಿಲ್ಲ, ಅವನು ಇನ್ನೂ ಏನೋ ಹೇಳುತ್ತಿದ್ದಾನೆ, ಅಳುತ್ತಿದ್ದಾನೆ, ಅವಳು ಗಾಜಿನಾಚೆ ನೋಡುತ್ತಿದ್ದಾಳೆ, ಆಯಾ ಒಬ್ಬಳು ಖಾಲಿ ಮಂಚದ ರೆಕ್ಸಿನ್ ಹಾಸಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೋದಳು, ಒದ್ದೆ ಅಂಚಿನಿಂದ ಆರುತ್ತಿದೆ, ತಲೆಯ ಕಡೆ ಆರಿತು, ಕಾಲಿನ ಕಡೆ ಆರಿತು, ನಡುವೆ ಇನ್ನೂ ಸ್ವಲ್ಪ ಒದ್ದೆ, ಬನ್ನಿ ಅತ್ತಿಗೆ, ನಡುವೆ, ಸ್ವಲ್ಪ ಒದ್ದೆ, ಇನ್ನೂ ಆರಿಲ್ಲ, ಇನ್ನೂ —