ಬೋರಲು ಹಾಕಿದ ಕುಂಡ

ಬಾಯಿಂದ ಹೊರಬಿದ್ದ ಮಾತನ್ನು ಬಾಯಿಯ ವೈದ್ಯನೂ ಹಿಂದಕ್ಕೆ ತುರುಕಲಾರ. ಕ್ಲೆಮೆಂಟ್ ಹ್ಯಾಡೋ ಹೆರೆಫರ್ಡ್‌ಶೈರಿನ ಅರ್ಧ ಜನರ ಹಲ್ಲು ಕಿತ್ತು ನಿವೃತ್ತನಾದವನು. ಹೋದ ಜೂನ್‌ನಲ್ಲಿ, ಚರ್ಚಿನ ಮಾಡಿನ ದುರಸ್ತಿಗೆಂದು ಊರವರೆಲ್ಲ ತಮ್ಮ ತೋಟಗಳನ್ನು ಟಿಕೆಟ್ಟಿಟ್ಟು ತೆರೆಯುವ ಭಾನುವಾರದಂದು, ಪಕ್ಕದ ಮನೆಯ ಹಂಫ್ರಿ ಪ್ರೋಸರನ ಹುಲ್ಲುಹಾಸಿನಲ್ಲಿ ಮೋಲ್ ಎಂಬ ನೆಲ ತೋಡುವ ಪುಟ್ಟ ಪ್ರಾಣಿ ಎಬ್ಬಿಸಿದ್ದ ಮಣ್ಣಿನ ಗುಪ್ಪೆಗಳನ್ನು ನೋಡಿ, ಹತ್ತು ಜನಕ್ಕೆ ಕೇಳುವಂತೆ ಅಂದಿದ್ದ:

"ಮೋಲ್ ಬರೋದು ಯಜಮಾನ ಸೋಮಾರಿಯಾದ ತೋಟಕ್ಕೆ. ನಮ್ಮಲ್ಲಿ ಒಂದೂ ಇಲ್ಲ."

ಹಂಫ್ರಿ ನಕ್ಕು, ಇನ್ನೊಂದಿಷ್ಟು ಚಹಾ ಬಗ್ಗಿಸಿದ. ಆ ಊರಿನಲ್ಲಿ ಜನ ಮರೆಯದೆ ಇಟ್ಟುಕೊಳ್ಳುವ ಮಾತಿಗೆ ಹಾಗೆಯೇ ನಗುವುದು.

ಈ ವರ್ಷ ಆ ಭಾನುವಾರ ಹತ್ತಿರವಾಗುವ ಹೊತ್ತಿಗೆ ಸರಿಯಾಗಿ ಕ್ಲೆಮೆಂಟನ ಹುಲ್ಲುಹಾಸಿನ ನಡುವೆ ಒಂದು ಗುಪ್ಪೆ ಎದ್ದಿತು. ಮರುದಿನ ಅದಕ್ಕೊಂದು ಜೊತೆ. ಅಂಗೈಯಗಲದ, ಮಖಮಲ್ಲಿನಂಥ ಕಪ್ಪು ಪ್ರಾಣಿ ನೆಲದೊಳಗೆ ಈಜಿದಂತೆ ಓಡಾಡಿ ಅವನ ಮಾತಿನ ಬುಡವನ್ನೇ ತೋಡುತ್ತಿತ್ತು.

"ಗೊಬ್ಬರ ಹಾಕಿ, ನೀರು ಬಿಟ್ಟು, ಎರೆಹುಳ ಸಾಕಿದೋನು ನೀನೇ," ಎಂದಳು ಹೆಂಡತಿ ಮ್ಯುರಿಯಲ್. "ಹೋಟ್ಲು ತೆಗ್ದು ಗಿರಾಕಿ ಬಂದ್ರೆ ಯಾಕೆ ಬೈತೀಯ?"

"ಮೆಲ್ಲಗೆ ಮಾತಾಡು. ಬೇಲಿಯಾಚೆ ಅವನಿದ್ದಾನೆ."

ಊರಿನ ಅಂಗಡಿಯಲ್ಲಿ ಬೋನು ಕೊಂಡರೆ ಸಂಜೆಯೊಳಗೆ ಪಾದ್ರಿಗೂ ಗೊತ್ತಾಗುತ್ತದೆಂದು ದೂರದ ಲಡ್ಲೋ ಪಟ್ಟಣದವರೆಗೆ ಕಾರೋಡಿಸಿದ. ಮೊದಲು ತಂದದ್ದು ಕತ್ತರಿ ಬೋನು. ಹಲ್ಲು ಕೀಳುವ ಇಕ್ಕಳಕ್ಕೆ ಅದು ದಾಯಾದಿಯಂತಿದ್ದುದರಿಂದ ಕಂಡ ಕೂಡಲೇ ಅದರ ಮೇಲೆ ಅವನಿಗೆ ಪ್ರೀತಿ ಬಂತು. ಅದರ ದವಡೆ ಮೋಲಿನ ಸುರಂಗದೊಳಗೆ, ಎರಡು ಹಿಡಿಕೆ ನೆಲದ ಮೇಲೆ. ಮೋಲ್ ಸಿಕ್ಕರೆ ಹಿಡಿಕೆಗಳು ಅಗಲವಾಗಿ ಸರಿದು ದೂರದಿಂದಲೇ ಸುದ್ದಿ ಹೇಳುತ್ತವೆ. ಆದರೆ ಆ ಸುದ್ದಿ ಪಕ್ಕದ ಮನೆಗೂ ಕಾಣಿಸುತ್ತದಲ್ಲ! ಅದಕ್ಕೆ ಮೇಲೊಂದು ಮಣ್ಣಿನ ಕುಂಡ ಬೋರಲು ಹಾಕಿದ.

ಬೇಲಿಯ ಮೇಲೆ ಹಂಫ್ರಿಯ ಟೋಪಿ ಎದ್ದಿತು. "ಕ್ಲೆಮೆಂಟ್, ಹುಲ್ಲಿನ ನಡುವೆ ಅದೇನು ಕುಂಡ? ಅದೂ ಬೋರಲು?"

"ಬಿಸಿಲಿಗೆ."

"ಓಹೋ. ಒಣಗ್ಲಿ ಒಣಗ್ಲಿ," ಎಂದ ಹಂಫ್ರಿ, ಮೋಡ ನೋಡುತ್ತ.

ಮೋಲ್ ಆ ಕತ್ತರಿಯ ಬಾಯಿಗೆ ನೀಟಾಗಿ ಮಣ್ಣು ಮೆತ್ತಿ, ಪಕ್ಕದಿಂದ ಹೊಸ ದಾರಿ ತೋಡಿಕೊಂಡಿತು. "ಹಲ್ಲಿನ ತೂತು ತುಂಬೋದ್ರಲ್ಲಿ ನಿನ್ನನ್ನೇ ಮೀರಿಸ್ತು," ಎಂದಳು ಮ್ಯುರಿಯಲ್. ಕೊಲ್ಲುವುದು ಬೇಡವೆಂದು ಅವಳೇ ಹಟಮಾಡಿ ಒಂದು ಕೊಳವೆ ಬೋನು ಇಡಿಸಿದಳು. ಒಳಹೋಗುವವರಿಗೆ ತೆರೆಯುವ, ಹೊರಬರುವವರಿಗೆ ತೆರೆಯದ ಬಾಗಿಲಿನದು. ಅದರೊಳಗೆ ಒಂದು ಕಪ್ಪೆ ಸಿಕ್ಕಿತು.

ಕೊನೆಗೆ ಅರೆಪೀಪಾಯಿ ಬೋನು. ಪೀಪಾಯಿಯನ್ನು ಉದ್ದಕ್ಕೆ ಸೀಳಿದಂಥ ತಗಡು, ಎರಡು ತುದಿಗೂ ಸ್ಪ್ರಿಂಗಿನ ಉರುಳು. ಪೂರ್ತಿ ನೆಲದೊಳಗೇ ಅಡಗುತ್ತದೆ. ಕ್ಲೆಮೆಂಟ್ ಅಷ್ಟರೊಳಗೆ ಪಂಡಿತನಾಗಿದ್ದ. ಗುಪ್ಪೆಯ ಕೆಳಗೆ ಇಡಬಾರದು, ಬೇಲಿಯ ಬುಡದಲ್ಲಿ ಹಾಯುವ ಮೋಲಿನ ಹೆದ್ದಾರಿಯಲ್ಲಿಡಬೇಕು. ಕೈಗೆ ಮಣ್ಣು ತಿಕ್ಕಿ ಮನುಷ್ಯನ ವಾಸನೆ ಕಳೆಯಬೇಕು. ಒಳಗೆ ಬೆಳಕಿನ ಎಳೆಯೂ ಬೀಳಕೂಡದು. ಶನಿವಾರ ಮೋಲ್ ಸಿಕ್ಕಿತು. ಅದನ್ನು ಗುಲಾಬಿ ಗಿಡದ ಬುಡದಲ್ಲಿ ಹೂತು, ಗುಪ್ಪೆಗಳನ್ನು ಬಳಿದು, ಹುಲ್ಲಿಗೆ ಯಂತ್ರ ಓಡಿಸಿ ಪಟ್ಟೆ ಪಟ್ಟೆ ಮೂಡಿಸಿದ. ಮಾತು ಉಳಿಯಿತು.

ಭಾನುವಾರ ಜನ ಬಂದರು. ಹುಲ್ಲು ನೋಡಿ "ಚೆನ್ನಾಗಿದೆ" ಎಂದರು. ಇನ್ನೇನು ಹೇಳಬೇಕೆಂದು ತೋಚದೆ ಇನ್ನೊಮ್ಮೆ "ಚೆನ್ನಾಗಿದೆ" ಎಂದು ಹಂಫ್ರಿಯ ಮನೆಗೆ ನಡೆದರು. ಅಲ್ಲಿಂದ ನಗು ಕೇಳಿಸುತ್ತಲೇ ಇತ್ತು. ತಡೆಯಲಾರದೆ ಕ್ಲೆಮೆಂಟನೂ ಹೋದ.

ಹಂಫ್ರಿಯ ಹುಲ್ಲಿನ ನಡುವೆ ಒಂದು ಗುಪ್ಪೆ. ಸುತ್ತಲೂ ಕುರ್ಚಿ ಹಾಕಿಕೊಂಡು ಅರ್ಧ ಊರೇ ಕೇಕು ತಿನ್ನುತ್ತ ಮೋಲಿನ ದರ್ಶನಕ್ಕೆ ಕಾಯುತ್ತಿತ್ತು.

"ಹೋದ ವರ್ಷವೂ ಇದನ್ನೇ ನೋಡೋಕೆ ಬಂದಿದ್ವಿ," ಎಂದಳು ಪಾದ್ರಿಯ ಹೆಂಡತಿ. "ಎಷ್ಟು ಮುದ್ದು ಅಲ್ವಾ?"

ಕ್ಲೆಮೆಂಟ್ ಬಗ್ಗಿ ನೋಡಿದ. ಬೆರಳಿನಿಂದ ಒತ್ತಿದ. ನಂತರ ಹಂಫ್ರಿಯನ್ನು ಪಕ್ಕಕ್ಕೆ ಕರೆದ.

"ಹಂಫ್ರಿ, ನಿಮ್ಮ ಮೋಲ್ ಗೊಬ್ಬರದ ಚೀಲದಿಂದ ಎದ್ದುಬಂದ ಹಾಗಿದೆ."

"ಹಾಗಂತೀರಾ?"

"ನಿಜವಾದ ಗುಪ್ಪೇಲಿ ಮಣ್ಣು ಒಳಗಿಂದ ಉಂಡೆಯುಂಡೆಯಾಗಿ ಎದ್ದಿರತ್ತೆ. ಇದನ್ನ ಯಾರೋ ಕರಣೆಯಿಂದ ತಟ್ಟಿದ್ದಾರೆ. ಒತ್ತಿದ್ರೆ ನೆಲ ಕುಸಿಯಲ್ಲ. ಅಂದ್ರೆ ಕೆಳಗೆ ಸುರಂಗಾನೇ ಇಲ್ಲ!"

ಹಂಫ್ರಿ ಕೇಕಿನ ಒಂದು ದೊಡ್ಡ ತುಂಡು ಕತ್ತರಿಸಿ ಅವನ ಕೈಗಿತ್ತ.

"ಎಷ್ಟೊಂದು ತಿಳ್ಕೊಂಡಿದ್ದೀರಿ ಕ್ಲೆಮೆಂಟ್! ಅದೂ ಒಂದು ಮೋಲೂ ಬಾರದ ತೋಟದಲ್ಲಿ ಕೂತು."

ಎಲ್ಲೋ ಒಂದು ಸ್ಪ್ರಿಂಗು ಟಪ್ಪೆಂದಂತಾಯಿತು.

"ಏನು ಗುಟ್ಟು ಮಾತಾಡ್ತಿದ್ದೀರಿ?" ಪಾದ್ರಿಯ ಹೆಂಡತಿ ಕೂಗಿದಳು. "ಕ್ಲೆಮೆಂಟ್, ನೀವೇ ಹೇಳಿ, ಇದು ನಿಜವಾದ ಮೋಲಿನದೇ ತಾನೆ?"

ಕ್ಲೆಮೆಂಟ್ ಕೇಕು ನುಂಗಿದ. "ನನಗೇನು ಗೊತ್ತು? ನಮ್ಮಲ್ಲಿ ಒಂದೂ ಇಲ್ಲ."

ಹಂಫ್ರಿ ನಕ್ಕು ಇನ್ನೊಂದಿಷ್ಟು ಚಹಾ ಬಗ್ಗಿಸಿದ.

ಸಂಜೆ ಮನೆಗೆ ಬಂದರೆ ಪಟ್ಟೆಪಟ್ಟೆ ಹುಲ್ಲಿನ ನಟ್ಟನಡುವೆ ಹೊಸ ಗುಪ್ಪೆ, ಒದ್ದೆ ಮಣ್ಣು, ಉಂಡೆಯುಂಡೆ. ಖಾಲಿಯಾದ ಸುರಂಗಕ್ಕೆ ಬೇರೊಂದು ಮೋಲ್ ಬಾಡಿಗೆಗೆ ಬಂದಿತ್ತು. ಅವನು ನೋಡುತ್ತಿದ್ದಂತೆಯೇ ಮಣ್ಣು ಅಲುಗಿತು, ಗುಲಾಬಿ ಬಣ್ಣದ ಒಂದು ಮೂತಿ ಮೇಲೆದ್ದು ಗಾಳಿ ಮೂಸಿತು. ಬೇಲಿಯಾಚೆ ಜನ ಇನ್ನೂ ಆ ಸುಳ್ಳು ಗುಪ್ಪೆಯ ಮುಂದೆ ಕೂತಿದ್ದರು. ಒಂದು ಕೂಗು ಹಾಕಿದರೆ ಸಾಕಿತ್ತು, ಊರಿಗೆ ಊರೇ ಇತ್ತ ಓಡಿಬರುತ್ತಿತ್ತು.

"ಕೂಗೋ," ಎಂದಳು ಮ್ಯುರಿಯಲ್.

ಕ್ಲೆಮೆಂಟ್ ಬಾಯಿ ತೆರೆದ. ಹಾಗೆಯೇ ಮುಚ್ಚಿದ. ಹೋಗಿ ಕುಂಡ ತಂದು, ಗುಪ್ಪೆಯ ಮೇಲೆ ಬೋರಲು ಹಾಕಿದ.